ನಾಲ್ಕು ಪುಟದ ಅರ್ಜಿ

ಸ್ಕಾಲರ್‌ಶಿಪ್ಪಿಗೆ ಹತ್ತನೇ ಕ್ಲಾಸಿನ ಅಂಕಪಟ್ಟಿ ಬೇಕೆಂದು ಅಮ್ಮನಿಗೆ ಫೋನ್ ಮಾಡಿದ್ದೆ. ಹುಡುಕುವ ತಾಳ್ಮೆ ಇಲ್ಲದೆ ಅಮ್ಮ ಇಡೀ ಫೈಲನ್ನೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ನಿಟ್ಟೆಗೆ ಕಳಿಸಿದಳು. ಹಾಸ್ಟೆಲಿನ ಮಂಚದ ಮೇಲೆ ಅದನ್ನು ಕೊಡವಿದಾಗ ನನ್ನ ಭಾಷಣದ ಸರ್ಟಿಫಿಕೇಟುಗಳ ನಡುವಿನಿಂದ ಒಂದು ಕಟ್ಟು ಬಿತ್ತು. ಬಾಳೆನಾರಿನಿಂದ ಕಟ್ಟಿದ ಕಾಗದಗಳು. ನಾರು ಒಣಗಿ ಕಂದು ಬಣ್ಣವಾಗಿತ್ತು, ಗಂಟು ಮಾತ್ರ ಬಿಗಿಯಾಗಿಯೇ ಇತ್ತು. ಮೂಗಿನ ಹತ್ತಿರ ಹಿಡಿದೆ. ಆ ಒಗರು ವಾಸನೆ ಇನ್ನೂ ಇತ್ತೋ, ನನ್ನ ಭ್ರಮೆಯೋ… ಕಾಗದವನ್ನು ಮಲ್ಲಿಗೆಯ ಹಾಗೆ ಕಟ್ಟುವವರು ನನಗೆ ಗೊತ್ತಿದ್ದಂತೆ ಒಬ್ಬರೇ.

ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ, ಸಂಬಂಧವೇನೂ ಇರಲಿಲ್ಲ. ಕಾಪುವಿನಿಂದ ಸ್ವಲ್ಪ ಒಳಗೆ, ರಸ್ತೆಯ ಈಚೆ ನಮ್ಮ ಮನೆ. ಆಚೆ ಒಂದು ಖಾಲಿ ಜಾಗ, ಅದರ ಹಿಂದೆ ನೀರು ಹರಿಯುವ ತೋಡು, ತೋಡಿನ ಮೇಲೆ ಕಾಲುಸಂಕ, ಅದನ್ನು ದಾಟಿದರೆ ಮಾಮಿಯ ಮನೆ ಮತ್ತು ಅವರ ಇಪ್ಪತ್ತೆರಡು ಮಲ್ಲಿಗೆ ಗಿಡ. ಮೊಗ್ಗು ಎಣಿಸುವ ಹೊತ್ತಿನಲ್ಲಿ ಮಾತಾಡಿಸಿದರೆ ಪ್ರಧಾನಮಂತ್ರಿಗೂ ಉತ್ತರ ಸಿಗುತ್ತಿರಲಿಲ್ಲ. ಹೂ ಕಟ್ಟುವಾಗ ಅವರ ಬೆರಳು ಓಡುವ ವೇಗವನ್ನು ನೋಡಿ ತಲೆ ತಿರುಗಿ ನಾನು ಎರಡು ಸಲ ಬಿದ್ದಿದ್ದೇನೆ. ಸರಿ, ಒಂದು ಸಲ. ಅದೂ ಪಾಚಿಯಲ್ಲಿ ಕಾಲು ಜಾರಿ.

ಹೂ ಒಯ್ಯುವ ರಿಕ್ಷಾ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಗೇಟಿನ ಎದುರು ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಎನ್ನುವುದೂ ಹೆಚ್ಚು, ಒಮ್ಮೆ ಉಸಿರು ಬಿಡುತ್ತಿತ್ತು ಅಷ್ಟೇ. ಅಷ್ಟರೊಳಗೆ ಹೂ ತಲುಪದಿದ್ದರೆ ಆ ದಿನದ ಮಲ್ಲಿಗೆ ಮನೆಯಲ್ಲೇ ಅರಳಿ ಮುಗಿಯಬೇಕು. ಮಾಮಿಗೆ ಖಾಲಿ ಜಾಗದ ಬದಿಯ ಕಾಲುದಾರಿಯಲ್ಲಿ ರಸ್ತೆಗೆ ಬರಲು ಐದು ನಿಮಿಷ ಸಾಕಾಗುತ್ತಿತ್ತು. ಆ ಜಾಗವನ್ನು ಕೊಂಡವರು ಒಂದು ದಿನ ದಾರಿಗೆ ಗೇಟು ಹಾಕಿ ಬೀಗ ಜಡಿದರು. ಕೇಳಲು ಹೋದ ಮಾಮಿಗೆ ಅವರು ಹೇಳಿದ್ದು ಇಷ್ಟು: "ಪಂಚಾಯತಿನ ದಾರಿ ಅಂತ ಒಂದು ಕಾಗದ ತನ್ನಿ, ಈಗಲೇ ಬೀಗ ತೆಗೀತೇನೆ. ಮಳೆ ಬಿಟ್ಟ ಮೇಲೆ ಕಂಪೌಂಡು ಕಟ್ಟಿಸ್ಲಿಕ್ಕೆ ಉಂಟು. ಅಷ್ಟರೊಳಗೆ ತನ್ನಿ." ಇನ್ನೊಂದು ದಾರಿ ಗದ್ದೆಯ ಬದುವಿನ ಮೇಲೆ ಸುತ್ತಿ ಬರುವುದು. ಮಳೆಗಾಲದಲ್ಲಿ, ಮಾಮಿಯ ಮಂಡಿನೋವಿಗೆ, ಅದು ಅರ್ಧ ಗಂಟೆಯ ಸರ್ಕಸ್ಸು, ಹೂ ಕಟ್ಟಿ ಮುಗಿಯುವುದೇ ರಿಕ್ಷಾ ಬರುವ ಹೊತ್ತಿಗೆ.

ಮಾಮಿ ಸೀದಾ ನನ್ನ ಹತ್ತಿರ ಬಂದರು. ಹೋಬಳಿ ಮಟ್ಟದ ಹೈಸ್ಕೂಲು ಭಾಷಣ ಸ್ಪರ್ಧೆಯಲ್ಲಿ ನಾನು ಆಗಷ್ಟೇ ಪ್ರಥಮ ಬಂದಿದ್ದೆ. ಸ್ಪರ್ಧಿಗಳು ಇಬ್ಬರು, ಇನ್ನೊಬ್ಬಳಿಗೆ ಗಂಟಲು ಕಟ್ಟಿತ್ತು ಎಂಬ ಸಣ್ಣ ವಿವರವನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನೀನು ದೊಡ್ಡ ಭಾಷಣಗಾರ್ತಿ ಅಲ್ವಾ ಮಾರಾಯ್ತಿ, ಆ ಮಾಹಿತಿ ಹಕ್ಕಿನದ್ದು ಒಂದು ಅರ್ಜಿ ಬರೆದುಕೊಡು. ಕಾಲುಸಂಕದಿಂದ ರಸ್ತೆವರೆಗಿನ ದಾರಿ ಪಂಚಾಯತಿನ ಪುಸ್ತಕದಲ್ಲಿ ಉಂಟಾ? ಉಂಟಾದ್ರೆ ನಕಲು ಕೊಡ್ಲಿ. ಅಷ್ಟೇ."

"ಅಷ್ಟೇ ಬರೆದ್ರೆ ಅವರು ಅದ್ರಲ್ಲಿ ಗೋಳಿಬಜೆ ಕಟ್ತಾರೆ ಮಾಮಿ. ಹೆದರ್ಬೇಕು ಅವರು!"

ನಾನು ನಾಲ್ಕು ಪುಟ ಬರೆದೆ. ಹದಿನೇಳು ಪ್ರಶ್ನೆ. ಇಪ್ಪತ್ತು ವರ್ಷಗಳ ಎಲ್ಲ ರಸ್ತೆ, ಎಲ್ಲ ಚರಂಡಿ, ಎಲ್ಲ ದಾರಿದೀಪ. ಪಂಚಾಯತು ಕಚೇರಿಯ ಫ್ಯಾನು ಯಾವ ವರ್ಷದಿಂದ ಕಿರುಗುಡುತ್ತಿದೆ ಎಂಬುದಕ್ಕೆ ದೃಢೀಕೃತ ದಾಖಲೆ. ಕೊನೆಗೆ ಪ್ರಜಾಪ್ರಭುತ್ವದ ಮೇಲೆ ಒಂದು ಪ್ಯಾರಾ, ಅದು ನನ್ನ ಭಾಷಣದ್ದೇ. ಮಾಮಿಯ ದಾರಿ ಹನ್ನೊಂದನೇ ಪ್ರಶ್ನೆಯ 'ಉ' ಉಪಪ್ರಶ್ನೆಯಲ್ಲಿತ್ತು.

"ಇಷ್ಟೆಲ್ಲ ನನಗೆ ಎಂತಕ್ಕೆ?" ಎಂದು ಮಾಮಿ ಕೇಳಿದರು. ಕೇಳಿದರೂ ನನ್ನ ಮುಖ ನೋಡಿ ಸಹಿ ಹಾಕಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ ಮಾಡಿದೆವು. ಅರ್ಜಿಯ ಪ್ರತಿಯನ್ನು ನಾನು ಬಸ್‌ಸ್ಟಾಪಿನಲ್ಲಿ ಧ್ವನಿ ಏರಿಳಿಸಿ ಓದಿದೆ. ಎರಡು ಬಸ್ಸಿನ ಜನ ಬಸ್ಸು ಬಿಟ್ಟು ಕೇಳಿದರು ಎಂದು ಆಮೇಲೆ ಹೇಳಿಕೊಂಡು ತಿರುಗಿದೆ. ಕೇಳಿದ್ದು ಮೂರು ಮಂದಿ, ಅವರ ಬಸ್ಸು ತಡವಾಗಿತ್ತು.

ಗೇಟಿಗೆ ಬೀಗ ಬಿದ್ದ ಮೇಲೆ ಮಾಮಿಯ ಅಂಚೆಯೆಲ್ಲ ನಮ್ಮ ಮನೆಗೇ ಬರುತ್ತಿತ್ತು. ತಿಂಗಳಾಗುವುದರೊಳಗೆ ಪಂಚಾಯತಿನ ಪತ್ರ ಬಂತು. ನಾನೇ ಸಹಿ ಹಾಕಿ ತೆಗೆದುಕೊಂಡೆ, ನಾನೇ ಒಡೆದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ನೂರೈವತ್ತು ಶಬ್ದ ಮೀರಬಾರದು, ತಿದ್ದಿ ಮತ್ತೆ ಸಲ್ಲಿಸಿ ಎಂದಿತ್ತು. ಜೊತೆಗೆ ನನ್ನ ನಾಲ್ಕು ಪುಟ, ಹೋದ ಹಾಗೆಯೇ ವಾಪಸು.

ಅದನ್ನು ಆ ಸಂಜೆಯೇ ತೋರಿಸಬೇಕಿತ್ತು. ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಆದರೆ ಬಸ್‌ಸ್ಟಾಪಿನಲ್ಲಿ ಓದಿದವಳು ನಾನಲ್ಲವೇ… ಪತ್ರವನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟೆ. ಮಾಮಿ ದಿನವೂ ಸೀರೆಯ ಅಂಚು ಕೆಸರು ಮಾಡಿಕೊಂಡು ಬದುವಿನಲ್ಲಿ ಬಂದು, ಹೋಗಿಬಿಟ್ಟ ರಿಕ್ಷಾದ ಹೊಗೆ ನೋಡಿ ನಿಂತು, ಆಮೇಲೆ ನಮ್ಮ ಜಗಲಿಯತ್ತ ತಿರುಗಿ ಕೇಳುತ್ತಿದ್ದರು: "ಬಂತಾ ಮಗಾ?"

"ಸರ್ಕಾರಿ ಕೆಲಸ ಅಲ್ವಾ ಮಾಮಿ, ನಿಧಾನ."

ಹಾಗೆ ಎಷ್ಟು ಬೆಳಿಗ್ಗೆ ಹೇಳಿದೆನೋ. ಇದರಲ್ಲಿ ಹೆಚ್ಚು ಮಾಡಿ ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ.

ಮಳೆ ಬಿಟ್ಟಿತು. ಲಾರಿಯಲ್ಲಿ ಕೆಂಪುಕಲ್ಲು ಬಂದು ಬಿದ್ದ ದಿನ ಮಾಮಿ ನನ್ನ ಕೈ ಹಿಡಿದುಕೊಂಡು ಪಂಚಾಯತಿಗೆ ಹೊರಟರು. ಅಲ್ಲಿನ ಮೇಡಂ ಕಡತ ತಿರುವಿದರು. "ತಿದ್ದಿ ಕೊಡಿ ಅಂತ ಯಾವತ್ತೋ ಕಳಿಸಿದ್ದೇವಲ್ಲ ಅಮ್ಮ?"

ಮಾಮಿ ನನ್ನನ್ನು ನೋಡಿದರು. "ನಮಗೆ ಬರ್ಲೇ ಇಲ್ಲ ಮೇಡಂ," ಎಂದೆ. "ಪೋಸ್ಟಿನವರು ಎಲ್ಲಿಯೋ ಬೀಳಿಸಿರ್ಬೇಕು."

ಮೇಡಂ ಕಡತದಿಂದ ಅಂಚೆಯ ಹಳದಿ ಸ್ವೀಕೃತಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಮುಂದೊಂದು ದಿನ ಜನ ಆಟೋಗ್ರಾಫ್ ಕೇಳುತ್ತಾರೆಂದು ನಾನು ಅಭ್ಯಾಸ ಮಾಡಿಟ್ಟಿದ್ದ ಸಹಿ ಅದರ ಮೇಲೆ, ಕೆಳಗೆ ಎರಡು ಗೆರೆ, ಪಕ್ಕದಲ್ಲಿ ಒಂದು ನಕ್ಷತ್ರ. ಹೋಬಳಿಯಲ್ಲಿ ಅಂಥ ಸಹಿ ಇನ್ನೊಂದಿರಲಿಲ್ಲ. ನನ್ನ ಪುಸ್ತಕಗಳ ಮೇಲೆ, ನಮ್ಮ ಜಗಲಿಯ ಕಂಬದ ಮೇಲೆ ಮಾಮಿ ಅದನ್ನು ನೂರು ಸಲ ನೋಡಿದ್ದರು.

"ಹೌದೌದು," ಎಂದರು ಮಾಮಿ ಮೇಡಮ್ಮಿಗೆ. "ಇವಳು ತಂದು ಕೊಟ್ಟಿದ್ದಾಳೆ. ನನಗೇ ಮರ್ತುಹೋಯ್ತು ಮೇಡಂ. ಪ್ರಾಯ ಆಯ್ತಲ್ಲ."

ಮೇಡಂ ಒಂದು ಬಿಳಿಹಾಳೆ ಕೊಟ್ಟರು. ಮಾಮಿ ಹೇಳಿದರು, ನಾನು ಬರೆದೆ, ಎರಡೇ ಸಾಲು. ನನ್ನ ಅಕ್ಷರ ಅಷ್ಟು ಕೆಟ್ಟದಾಗಿ ಯಾವತ್ತೂ ಬಂದಿರಲಿಲ್ಲ. ಎಂಟು ದಿನದಲ್ಲಿ ನಕಲು ಬಂತು. ದಾರಿ ಪುಸ್ತಕದಲ್ಲಿ ಇತ್ತು, ಕಾಲುಸಂಕದ ಸಮೇತ. ಆ ಎಂಟು ದಿನದಲ್ಲಿ ಗೋಡೆಯೂ ಎದೆಯೆತ್ತರ ಬಂದಿತ್ತು. ಜಾಗದವರು ನಕಲನ್ನು ಪೂರ್ತಿ ಓದಿ ಮಡಚಿ ವಾಪಸು ಕೊಟ್ಟರು. "ಆಗಲೇ ತಂದಿದ್ರೆ ಬೇರೆ ಮಾತು. ಈಗ ಕಟ್ಟಿ ಆಯ್ತು. ಬೇಕಾದ್ರೆ ಕೋರ್ಟಿಗೆ ಹೋಗಿ."

ಮಾಮಿ ಕೋರ್ಟಿಗೆ ಹೋಗಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಗಿಡಗಳನ್ನು ಬಿಟ್ಟು ಸಂತೆಕಟ್ಟೆಯ ಮಗಳ ಫ್ಲ್ಯಾಟಿಗೆ ಹೋದರು. ಹೊರಡುವ ದಿನ, ತಮ್ಮ ಹತ್ತಿರ ಉಳಿದಿದ್ದ ಅರ್ಜಿಯ ಪ್ರತಿಯ ಈ ಕಟ್ಟನ್ನು ನನ್ನ ಕೈಗೆ ಕೊಟ್ಟು, "ನಿನ್ನ ಬರವಣಿಗೆ ಚಂದ ಉಂಟು, ಇಟ್ಟುಕೋ," ಎಂದರು. ಅವರ ಮುಖದಲ್ಲಿ ಕುಹಕ ಹುಡುಕಿದೆ. ಇದ್ದಿದ್ದರೆ ಒಳ್ಳೆಯದಿತ್ತು. ಪತ್ರದ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂತೆಕಟ್ಟೆಯ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಎಷ್ಟೋ ಸಲ ಕುಳಿತಿದ್ದೇನೆ, ಇಳಿದಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿಯನ್ನು ಅಮ್ಮ ಹೇಳಿದಾಗ ನಾನು ಮೆಸ್ಸಿನ ಸಾಲಿನಲ್ಲಿದ್ದೆ. ಬರ್ಲಿಕ್ಕಾಗುವುದಿಲ್ಲ, ಇಂಟರ್ನಲ್ ಪರೀಕ್ಷೆ ಉಂಟು ಎಂದೆ. ಪರೀಕ್ಷೆ ಇರಲಿಲ್ಲ.

ಹಾಸ್ಟೆಲಿನಲ್ಲಿ ಈ ಕತೆಯನ್ನು ನಾನು ಮೊದಲೇ ಹೇಳಿ ಮುಗಿಸಿದ್ದೇನೆ. ಹದಿನೇಳು ಪ್ರಶ್ನೆ, ಕಿರುಗುಡುವ ಫ್ಯಾನು, ಅರ್ಜಿ ಓದಿ ತಲೆ ತಿರುಗಿದ ಪಂಚಾಯತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಕತೆಯಲ್ಲಿ ಪತ್ರ ಕಳೆದುಹಾಕಿದ್ದು ಪೋಸ್ಟ್‌ಮ್ಯಾನ್.

ಪಕ್ಕದ ಮಂಚದವಳು ಕಟ್ಟನ್ನು ನೋಡಿ, "ಅದೇ ಅರ್ಜಿಯಾ? ಇನ್ನೊಮ್ಮೆ ಹೇಳು ಮಾರಾಯ್ತಿ!" ಎಂದಳು.

"ಪತ್ರ ಕಳೆದದ್ದಲ್ಲ," ಎಂದೆ. "ನಾನು ಅಡಗಿಸಿಟ್ಟದ್ದು."

ಅವಳು ಮಂಚದ ಮೇಲೆ ಕಾಲು ಮಡಚಿ ಕುಳಿತು, ನಗುವುದಕ್ಕೆ ತಯಾರಾಗಿ, ಮುಂದೇನೆಂದು ನನ್ನ ಮುಖವನ್ನೇ ನೋಡುತ್ತಿದ್ದಳು.