ಹೊಸ್ತಿಲ ಬಳಿ ಕೂತವರಿಗೆ ಕೇಳದ ಮಾತು

ಬೆಳಗಿನ ಐದೂಮುಕ್ಕಾಲು. ಸುರಪುರದ ಖಾಜಾಹುಸೇನರ ಮನೆಯ ಪಡಸಾಲೆಯಲ್ಲಿ ಅಮಾತೆಪ್ಪ ಮಂಡಿಯೂರಿ ಕುಳಿತಿದ್ದಾರೆ. ದೂರ ಅಳೆಯಲು ಗೋಡೆಯ ಮೇಲಿನ ಸ್ಪೀಕರಿಗೆ ಕಟ್ಟಿದ ಹತ್ತಿಯ ನೂಲನ್ನು ಬಿಗಿಯಾಗಿ ಎಳೆದು, ಅಡುಗೆಮನೆಯ ಹೊಸ್ತಿಲ ಬಳಿ ನೆಲದ ಮೇಲೆ ಕುಳಿತ ಶರೀಫಾಬೀಯವರ ಕಿವಿಯ ತನಕ ತರುತ್ತಾರೆ. ಶರೀಫಾಬೀ ಖಾಜಾಹುಸೇನರ ತಾಯಿ, ಎಪ್ಪತ್ತು ದಾಟಿದೆ.

"ಮುಂಜಾನಿ ಮುಂಜಾನಿ ಕಿವಿ ಹಿಂಡಾಕ ಬಂದೀಯೇನಪಾ? ನಾ ಏನ್ ತಪ್ಪ ಮಾಡೀನಿ?"

"ತಪ್ಪ ನಂದರಿ ಅಮ್ಮಾ. ನೀವು ಅಲುಗಾಡಬ್ಯಾಡ್ರಿ."

ಖಾಜಾಹುಸೇನ ಚಹಾದ ಬಸಿ ಹಿಡಿದು ನಿಂತಿದ್ದಾರೆ. ಅವರಿಗೆ ಇದೆಲ್ಲ ಅರ್ಥವಾಗುತ್ತಿಲ್ಲ. "ನಾಲ್ಕು ವರ್ಷದಿಂದ ಒಂದು ತಕರಾರಿಲ್ರಿ. ಛಲೋ ನಡದದ್ದನ್ನ ಯಾಕ ಬಿಚ್ಚಾಕತ್ತೀರಿ?"

"ನಿಮಗ ತಕರಾರಿಲ್ರಿ," ಎನ್ನುತ್ತಾರೆ ಅಮಾತೆಪ್ಪ, ನೂಲಿಗೆ ಗಂಟು ಹಾಕುತ್ತ. "ನೀವು ಕುರ್ಚಿ ಮ್ಯಾಲ ಕೂಡ್ತೀರಿ."

ಅಮಾತೆಪ್ಪ ಶಹಾಪುರದವರು. ಮನೆಯಲ್ಲಿರುವ ಸಾದಾ ಕಂಪ್ಯೂಟರಿನಿಂದಲೇ ಸುತ್ತಲಿಂದ ದನಿ ಬರುವ ಹಾಗೆ ಮಾಡಿಕೊಡುವುದು ಅವರ ಕೆಲಸ. ಕಂಪ್ಯೂಟರ್ ಪೆಟ್ಟಿಗೆಯ ಬೆನ್ನಿಗೆ ಹಸಿರು, ಕರಿ, ಕಿತ್ತಳೆ ಬಣ್ಣದ ಮೂರು ತೂತುಗಳಿರುತ್ತವೆ. ಹೆಚ್ಚಿನವರು ಹಸಿರಿಗೆ ಒಂದು ಜೋಡಿ ಸ್ಪೀಕರ್ ಸಿಕ್ಕಿಸಿ ಸುಮ್ಮನಾಗುತ್ತಾರೆ. ಅಮಾತೆಪ್ಪ ಗುಜರಿಯಿಂದ ಹಳೆಯ ಜೋಡಿಗಳನ್ನು ತಂದು, ರಿಪೇರಿ ಮಾಡಿ, ಮೂರಕ್ಕೂ ಜೋಡಿಸುತ್ತಾರೆ. ಹಸಿರಿನದು ಮುಂದಿನ ಎರಡು ಮೂಲೆಗೆ, ಕರಿಯದು ಹಿಂದಿನ ಗೋಡೆಗೆ. ಕಿತ್ತಳೆಯದರಲ್ಲಿ ಒಂದು ಪರದೆಯ ಕೆಳಗೆ ಮಾತಿಗಾಗಿ, ಇನ್ನೊಂದು ಮೂಲೆಯಲ್ಲಿ ಗುಡುಗಿನಂಥ ದಪ್ಪ ದನಿಗಾಗಿ. ಹೊಸದು ಕೊಳ್ಳುವ ಖರ್ಚಿನ ಕಾಲು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಫರ್ಸಿ ಚಪ್ಪಡಿ ಕಲ್ಲಿನ ಮನೆಗಳಲ್ಲಿ ದನಿ ಮಾರ್ದನಿಸುತ್ತದೆ. ಅದಕ್ಕೆ ಅವರ ಮದ್ದು, ಒಂದು ಗೋಡೆಗೆ ಹಳೆಯ ಕೌದಿ ತೂಗುಹಾಕುವುದು.

ನಸುಕಿನಲ್ಲೇ ಬರುವುದಕ್ಕೂ ಕಾರಣವಿದೆ. ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಗೆ ಭತ್ತ ಬಂತು, ಭತ್ತದ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು. ಏಳಕ್ಕೆ ಗಿರಣಿ ಸುರುವಾದರೆ ಸಣ್ಣ ದನಿಯ ಅಳತೆ ಸಿಗುವುದಿಲ್ಲ. ಅಮಾತೆಪ್ಪನವರ ತಂದೆ ಚಂದ್ರಾಮಪ್ಪ ನಾರಾಯಣಪುರ ಅಣೆಕಟ್ಟಿನ ಕ್ಯಾಂಪಿನಲ್ಲಿ ಕೂಲಿಗಿದ್ದರು. ಅಲ್ಲಿ ಸುಟ್ಟುಹೋಗಿ ಬಿದ್ದಿದ್ದ ಧ್ವನಿವರ್ಧಕವೊಂದನ್ನು ಬಿಚ್ಚಿ ಕೂಡಿಸಿದ್ದೇ ಅಮಾತೆಪ್ಪನವರ ಶಾಲೆ. ಹತ್ತನೆಯದು ಪಾಸಾಗಲಿಲ್ಲ. ರೇಡಿಯೋ ರಿಪೇರಿ, ಟೇಪು ರಿಪೇರಿ, ಎರಡೂ ಒಂದೊಂದಾಗಿ ಕೈಬಿಟ್ಟ ಮೇಲೆ ಈ ಕೆಲಸ ಹಿಡಿದರು. ಈಗ ಐವತ್ನಾಲ್ಕು. ಹನ್ನೊಂದು ವರ್ಷಗಳಲ್ಲಿ ನಲವತ್ತಮೂರು ಮನೆ.

ಆ ನಲವತ್ತಮೂರರಲ್ಲೂ ಅವರು ಒಂದೇ ತಪ್ಪು ಮಾಡಿದ್ದಾರೆ. ನೂಲನ್ನು ಯಜಮಾನರ ಕುರ್ಚಿಯಿಂದಲೇ ಅಳೆದಿದ್ದಾರೆ. ಆ ಕುರ್ಚಿಯಲ್ಲಿ ಕುಳಿತವರಿಗೆ ಎಲ್ಲವೂ ಸರಿಯಾಗಿ ಕೇಳುತ್ತದೆ. ಆದರೆ ಈ ಕಡೆಯ ಮನೆಗಳಲ್ಲಿ ಹೆಂಗಸರು ಕೂಡುವುದು ಅಡುಗೆಮನೆಯ ಹೊಸ್ತಿಲಿಗೆ ಒರಗಿ, ನೆಲದ ಮೇಲೆ, ಒಲೆಯ ಮೇಲೊಂದು ಕಣ್ಣಿಟ್ಟು. ಹಿಂದಿನ ಸ್ಪೀಕರಿಗೆ ಮೊಳೆ ಹೊಡೆದಿರುವುದು ಅದೇ ಬಾಗಿಲ ಮೇಲೆ. ಅವರ ನೆತ್ತಿಯ ಮೇಲೆ ಗಾಳಿ, ಮಳೆ, ಗದ್ದಲ. ಮಾತು ಮಾತ್ರ ದೂರದಲ್ಲೆಲ್ಲೋ.

"ಕುದುರಿ ಓಡೋದು ಕೇಳಸ್ತದ, ಕುದುರಿ ಮ್ಯಾಲ ಕುಂತವ ಏನಂದ ಕೇಳಸಂಗಿಲ್ಲ," ಎಂದು ಶರೀಫಾಬೀ ನಗುತ್ತಾರೆ. "ನನಗ ವಯಸ್ಸಾತು ಅಂದ್ಕೊಂಡಿದ್ದೆ."

ಅಮಾತೆಪ್ಪ ನಗುವುದಿಲ್ಲ. ಇದೇ ಮಾತನ್ನು ಅವರ ಹೆಂಡತಿ ಮಲ್ಲಾಬಾಯಿ ಆರು ವರ್ಷದ ಹಿಂದೆ ಅವರ ಮನೆಯಲ್ಲೇ ಹೇಳಿದ್ದರು.

ಮಲ್ಲಾಬಾಯಿ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಒಂಬತ್ತು ವರ್ಷ ದುಡಿದವರು. ಆ ಗದ್ದಲದಲ್ಲಿ ಕೆಲಸ ಮಾಡಿದವರ ಕಿವಿ ಮಂದವಾಗುವುದು ಊರಿಗೇ ಗೊತ್ತು. "ಮಾತು ತಿಳಿಯಂಗಿಲ್ಲ ಅಂದ್ಲ್ರಿ. ಜಿನ್ನಿನಾಗ ನಿನ್ನ ಕಿವಿ ಹೋಗ್ಯಾವ ಅಂದೆ," ಎನ್ನುತ್ತಾರೆ ಅಮಾತೆಪ್ಪ. "ದನಿ ವಿದ್ಯಾ ಬಲ್ಲವ ನಾನು. ನನ್ನ ಮಾತು ಹೆಂಗ ಸುಳ್ಳ ಆದೀತು ಅಂತ ಆಕಿ ನಂಬಿದ್ಲು."

ನಂಬಿದವರು ಫೋನು ಎತ್ತುವುದನ್ನು ಬಿಟ್ಟರು. ಸ್ವಸಹಾಯ ಸಂಘದ ಸಭೆಯಲ್ಲಿ ಮುಂದೆ ಕೂಡುತ್ತಿದ್ದವರು ಹಿಂದೆ ಕೂತು ತಲೆಯಾಡಿಸತೊಡಗಿದರು. ಆಮೇಲೆ ಹೋಗುವುದೇ ನಿಂತಿತು. ಮನೆಗೆ ಬಂದವರಿಗೆ ಗಂಡನೇ ಮೊದಲು ಹೇಳಿಬಿಡುತ್ತಿದ್ದರು: ಆಕಿಗೆ ಕೇಳಂಗಿಲ್ಲ, ನನಗ ಹೇಳ್ರಿ.

ಹೋದ ಬೇಸಿಗೆಯಲ್ಲಿ ಅಮಾತೆಪ್ಪನವರ ಕುರ್ಚಿಯ ನವಾರ ಹರಿಯಿತು. ಹೊಸದಾಗಿ ಹೆಣೆಯಲು ಕೊಟ್ಟಿದ್ದರಿಂದ ಅವತ್ತು ಅವರು ಹೊಸ್ತಿಲ ಬಳಿ ಕುಳಿತು ರೊಟ್ಟಿ ತಿಂದರು. ಪರದೆಯ ಮೇಲೆ ಇಬ್ಬರ ತುಟಿ ಆಡುತ್ತಿತ್ತು. ನೆತ್ತಿಯ ಮೇಲೆ ಬರೀ ಗಾಳಿಯ ಸದ್ದು. ಒಂದು ಮಾತೂ ತಿಳಿಯಲಿಲ್ಲ.

"ತುತ್ತು ಬಾಯಾಗ ಹಂಗೇ ಉಳೀತ್ರಿ. ನನ್ನ ಕಿವಿ ಸುದ್ದ ಅವ. ಅಂದ ಮ್ಯಾಲ ಆಕಿ ಕಿವೀನೂ ಸುದ್ದ ಅವ."

ಮರುವಾರ ಮಲ್ಲಾಬಾಯಿಯವರನ್ನು ಯಾದಗಿರಿಗೆ ಕರೆದೊಯ್ದು ಕಿವಿ ತೋರಿಸಿದರು. ವಯಸ್ಸಿಗೆ ತಕ್ಕ ಹಾಗಿವೆ, ಚಿಂತೆಯಿಲ್ಲ ಎಂದರು ವೈದ್ಯರು. ಅಂದಿನಿಂದ ಅಮಾತೆಪ್ಪ ತಾವು ಮಾಡಿಕೊಟ್ಟ ಮನೆಗಳಿಗೆಲ್ಲ ಕರೆಯದೆಯೇ ಹೋಗುತ್ತಿದ್ದಾರೆ, ವಾರಕ್ಕೊಂದರಂತೆ. ಕೂಲಿ ಮುಟ್ಟುವುದಿಲ್ಲ. ಹಿಂದಿನ ಸ್ಪೀಕರುಗಳನ್ನು ಬಾಗಿಲಿನಿಂದ ಸರಿಸಿ, ದನಿ ಇಳಿಸಿ, ಮಾತಿನ ಸ್ಪೀಕರಿನ ಮೋರೆಯನ್ನು ಹೊಸ್ತಿಲಿಗೂ ಮುಟ್ಟುವ ಹಾಗೆ ತಿರುಗಿಸುತ್ತಾರೆ. ಶರೀಫಾಬೀಯವರದು ಹದಿನೇಳನೆಯ ಮನೆ.

ಮೊದಲು ಸರಿ ಮಾಡಿದ್ದು ತಮ್ಮ ಮನೆಯದನ್ನೇ. ಆದರೆ ಮಲ್ಲಾಬಾಯಿ ಅದರ ಮುಂದೆ ಕೂಡುವುದಿಲ್ಲ. ಗಂಡ ಹಚ್ಚಿದ ಕೂಡಲೇ ಮೊರ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಾರೆ. ಕೇಳಿದರೆ ಸಿಟ್ಟಿಲ್ಲದೆ, ಜೋಳ ಹಸನು ಮಾಡುತ್ತಲೇ ಹೇಳುತ್ತಾರೆ: "ಕಿವಿ ಸುದ್ದ ಅವ ಅಂತ ಡಾಕ್ಟರು ಒಂದು ಮಿಂಟಿನಾಗ ಹೇಳಿಬಿಟ್ರು. ಖರೇ. ಆದ್ರ ಆರು ವರ್ಷ ಕಿವುಡಿ ಅನಿಸ್ಕೊಂಡು ಬಾಳೇ ಮಾಡೀನಲ್ಲ, ಅದಕ್ಕ ಏನ್ ಔಷಧ ಅದ? ಮಂದಿ ಮಾತಾಡಾಕ ಬಂದ್ರ ಈಗೂ ಅವರ ತುಟಿನೇ ನೋಡ್ತೇನಿ."

ಈ ಮಾತನ್ನು ಅಮಾತೆಪ್ಪ ಒಳಗಿನಿಂದ ಕೇಳಿಸಿಕೊಳ್ಳುತ್ತಾರೆ. ಇನ್ನು ಇಪ್ಪತ್ತಾರು ಮನೆ ಉಳಿದಿವೆ. ಅದರಲ್ಲಿ ಎರಡು ಮನೆಯ ಅಜ್ಜಿಯರು ತೀರಿಕೊಂಡಿದ್ದಾರೆ. ಆ ಮನೆಗಳಿಗೂ ಹೋಗುತ್ತೇನೆ ಎನ್ನುತ್ತಾರೆ.

ಕೆಲಸದ ಬಗ್ಗೆ ಇನ್ನೇನು ಆಸೆ ಉಳಿದಿದೆ ಎಂದರೆ ಅವರು ಕೈಯಲ್ಲಿದ್ದ ತಂತಿಯನ್ನು ಬೆರಳಿಗೆ ಸುತ್ತುತ್ತಾರೆ.

"ಆಕಿ ಬಂದು ಕುಂತು ಕೇಳಬೇಕು ಅಂತ ಹೆಂಗ ಹೇಳ್ಲಿರಿ? ಆ ಹಕ್ಕು ನನಗಿಲ್ಲ. ಕಟ್ಟಿ ಮ್ಯಾಲಿಂದನ ಆಕಿ ಒಂದಿನ ಒದರಬೇಕ್ರಿ: 'ಸಣ್ಣಗ ಮಾಡ್ರಿ, ನನಗೆಲ್ಲಾ ಕೇಳಸಾಕತ್ತದ' ಅಂತ. ಅಷ್ಟ ಸಾಕು."