ಬೆಂಡಿಲ್ಲದ ಚಕ್ರ

ರಹೀಂ, ಅವತ್ತು ನಿನ್ನ ಹಿಂದಿನ ಚಕ್ರದಲ್ಲಿ ಬೆಂಡು ಇರಲಿಲ್ಲ. ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ. ನಾನು ಸುಳ್ಳು ಹೇಳಿದೆ — ಬಾಯಿ ತಪ್ಪಿ ಅಲ್ಲ, ಬೇಕೆಂದೇ ಹೇಳಿದೆ.

ಇಷ್ಟು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಹಲಸೂರು ಕೆರೆಯ ಬಳಿ ಹೊರಟು, ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರ ಮುಟ್ಟಿ ವಾಪಸು ಬರುವ ಸೈಕಲ್ ರೇಸು. ಗೆದ್ದವನನ್ನು ಮದ್ರಾಸಿನ ದೊಡ್ಡ ರೇಸಿಗೆ ಕಳಿಸುತ್ತೇವೆ ಎಂದಿದ್ದರು. ನಾನು ಹಲಸೂರಿನವನು, ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ನೀನು ಶಿವಾಜಿನಗರದಲ್ಲಿ — ಆಗ ನಮ್ಮ ಬಾಯಲ್ಲಿ ಅದಿನ್ನೂ ಬ್ಲಾಕ್‌ಪಲ್ಲಿಯೇ — ನಿಮ್ಮ ಅಬ್ಬಾನ ಸೈಕಲ್ ಅಂಗಡಿಯಲ್ಲಿ ಕೂರುತ್ತಿದ್ದೆ. ಒಟ್ಟಿಗೇ ಅಭ್ಯಾಸ ಮಾಡಿದವರು ನಾವು. ಕಾಲಿನ ಬಲದಲ್ಲಿ ನಾನೇ ಒಂದು ಕೈ ಮೇಲೆ; ಇದು ಜಂಬವಲ್ಲ, ನೀನೂ ಒಪ್ಪುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಸದಾ ಸಂತೆ. ಪೆಡಲು ತುಳಿಯುವಾಗಲೇ ಫೋರ್‌ಮನ್ ಬೈದದ್ದು, ರೇಷನ್ ಅಂಗಡಿಯ ಸಾಲು, ಹಿಂದೆ ಬರುತ್ತಿರುವವನ ಉಸಿರು — ಎಲ್ಲವೂ ಒಳಗೆ ನುಗ್ಗುತ್ತಿದ್ದವು.

ನಿನ್ನ ತಲೆಯಲ್ಲಿ ಏನಿರುತ್ತದೆ ಎಂದು ಒಮ್ಮೆ ಕೇಳಿದ್ದೆ. ನೀನು ನಕ್ಕು, ಎದುರಿಗಿದ್ದ ಹುಣಸೆಮರ ತೋರಿಸಿದೆ.

"ಆ ಮರದ ತನಕ ಒಂದು ರೇಸು, ಅಷ್ಟೇ. ಅದು ಮುಗೀತಾ, ಇನ್ನೊಂದು ಮರ, ಇನ್ನೊಂದು ರೇಸು. ಕೆ.ಆರ್. ಪುರ ಯಾಕ್ ನೆನೆಸ್ಕೊಂತೀಯ ಭಾಯಿ? ಅದೇನು ಎದ್ದು ಓಡೋಗ್ತದಾ?"

ನಾನೂ ಹಾಗೇ ಮಾಡಲು ಹೋದೆ. ಮೂರನೆಯ ಮರಕ್ಕೇ ಫೋರ್‌ಮನ್ ಬಂದುಬಿಟ್ಟ.

ನಿನಗೆ ಆ ಏಕಾಗ್ರತೆ ಎಲ್ಲಿಂದ ಬಂತೆಂದು ಗೊತ್ತಾದದ್ದು, ನೀನು ಚಕ್ರದ ಬೆಂಡು ತೆಗೆಯುವುದನ್ನು ನೋಡಿದಾಗ. ರಿಮ್ಮಿನ ಪಕ್ಕ ಒಂದು ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸುತ್ತಿದ್ದೆ. ಸೊಟ್ಟಗಿದ್ದ ಕಡೆ ಮಾತ್ರ ಬಿಳಿ ಗೆರೆ. ಒಂದೊಂದೇ ಕಡ್ಡಿ ಬಿಗಿ ಮಾಡಿ, ಇನ್ನೊಂದು ಸಡಿಲಿಸಿ — ಬೀದಿಯಲ್ಲಿ ಜಟಕಾದವರು ಕೂಗಾಡುತ್ತಿದ್ದರೂ ನಿನಗೆ ಕೇಳುತ್ತಿರಲಿಲ್ಲ. ಕೊನೆಗೆ ಸುಣ್ಣವನ್ನು ಎಸೆದು ಬರಿಗಣ್ಣಿನಲ್ಲೇ ನೋಡುತ್ತಿದ್ದೆ. ಆ ಕಣ್ಣು! ನಮ್ಮ ಕಾರ್ಖಾನೆಯ ಅಳತೆ ಪಟ್ಟಿಗಳೂ ಅದರ ಮುಂದೆ ನಾಚಬೇಕು. ಅಂಥದ್ದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ ರಹೀಂ. ಬೆರಗಾಗಿ ನಿಂತು ನೋಡುತ್ತಿದ್ದೆ — ಹೊಟ್ಟೆಯನ್ನೂ ಉರಿಸಿಕೊಳ್ಳುತ್ತಿದ್ದೆ. ರೇಸಿನ ಹಿಂದಿನ ಸಂಜೆ ನನ್ನ ಎರಡೂ ಚಕ್ರ ಸರಿ ಮಾಡಿಕೊಟ್ಟವನೂ ನೀನೇ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದೆವು. ನಿನ್ನ ಕಣ್ಣು ಆಗಲೇ ಮೊದಲನೆಯ ಮರದಲ್ಲಿತ್ತು. ಇವನನ್ನು ಸೋಲಿಸುವುದು ನನ್ನಿಂದ ಆಗದು ಎಂದು ನನಗೆ ಖಚಿತವಾಯಿತು — ಬಾವುಟ ಎತ್ತಿದರು — ನಾನು ಬಗ್ಗಿ ಹೇಳಿದೆ:

"ರಹೀಂ, ನಿನ್ ಹಿಂದಿನ ಚಕ್ರ ಬೆಂಡ್ ಹೊಡೀತಾ ಇದೆ ಕಣೋ."

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಎಷ್ಟೇ ಪೈಪೋಟಿ ಇರಲಿ, ಇನ್ನೊಬ್ಬನ ಸೈಕಲ್ಲಿನ ವಿಷಯದಲ್ಲಿ ಸುಳ್ಳಾಡಬಾರದು. ಎದುರಿಗೆ ಮಿಲಿಟರಿ ಲಾರಿಗಳು ನುಗ್ಗುವ ರಸ್ತೆ. ಒಂದು ನಟ್ಟು ಸಡಿಲವಾದರೂ ಪ್ರಾಣ ಹೋದೀತು. ಆದ್ದರಿಂದಲೇ ನೀನು ನಂಬಿದೆ. ಆದ್ದರಿಂದಲೇ ನಾನು ಆ ಸುಳ್ಳನ್ನು ಆರಿಸಿಕೊಂಡೆ.

ಎಂದೂ ಹಿಂದೆ ನೋಡದ ನೀನು ಪ್ರತಿ ಮರಕ್ಕೂ ಬಗ್ಗಿ ಬಗ್ಗಿ ನೋಡಿದೆ. ಕೆ.ಆರ್. ಪುರದ ತಿರುವಿನಲ್ಲಿ ಇಳಿದೇಬಿಟ್ಟೆ. ಸೈಕಲ್ ಎತ್ತಿ ಹಿಂದಿನ ಚಕ್ರ ತಿರುಗಿಸುತ್ತಾ ನಿಂತದ್ದನ್ನು ನಾನು ಕಂಡೆ. ಒಬ್ಬೊಬ್ಬರೇ ನಿನ್ನನ್ನು ದಾಟಿ ಹೋದರು. ಇನ್ನೇನು, ಮುಗಿಯಿತು ಅಂದುಕೊಂಡೆ.

ಆಮೇಲೆ ನೀನು ಬಂದ ಬಗೆ — ಅದನ್ನು ಹೇಗೆ ಬರೆಯಲಿ! ನಾನು ತಿರುಗಿ ನೋಡಿದಾಗಲೆಲ್ಲ ನಮ್ಮ ನಡುವೆ ಒಬ್ಬ ಕಡಿಮೆಯಾಗಿರುತ್ತಿದ್ದ. ನಿನ್ನ ಮುಖದಲ್ಲಿ ಸಿಟ್ಟಿಲ್ಲ, ಅವಸರವಿಲ್ಲ. ಮುಂದಿನ ಮರ, ಅದರ ಮುಂದಿನ ಮರ. ನನಗೆ ರೋಮಾಂಚನವಾಯಿತು ಎಂದರೆ ನಗಬೇಡ. ಇನ್ನು ನಾಲ್ಕು ಮರಗಳಿದ್ದಿದ್ದರೆ — ಇರಲಿಲ್ಲ. ನಾನು ಒಂದು ಮೊಳದ ಅಂತರದಲ್ಲಿ ಗೆದ್ದೆ.

ನೀನು ಜಗಳಕ್ಕೆ ಬಂದಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ನೀನು ನನ್ನ ಹೆಗಲ ಮೇಲೆ ಕೈ ಇಟ್ಟೆ.

"ಇಳಿದು ನೋಡ್ದೆ ಚಿನ್ನಪ್ಪ, ನಂಗೆ ಬೆಂಡು ಕಾಣಿಸ್ಲೇ ಇಲ್ಲ. ನಿಂಗೆ ಕಂಡಿದ್ದು ನಂಗೆ ಕಾಣ್ಲಿಲ್ಲ ಅಂದ್ರೆ, ನನ್ ಕಣ್ಣೇ ಹೋಯ್ತು ಭಾಯಿ."

ನಾನು ಸುಮ್ಮನಿದ್ದೆ. ಸುಳ್ಳಿಗಿಂತ ದೊಡ್ಡ ತಪ್ಪು ಆ ಸುಮ್ಮನಿದ್ದದ್ದು.

ಮದ್ರಾಸಿಗೆ ಹೋಗಿ ಹದಿನೇಳನೆಯವನಾಗಿ ಬಂದೆ, ಅದು ಹೋಗಲಿ. ನೀನು ಮತ್ತೆಂದೂ ರೇಸಿಗೆ ಇಳಿಯಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ, ಪ್ರತಿ ಚಕ್ರದ ಬೆಂಡು ತೆಗೆದ ಮೇಲೂ ಅಂಗಡಿಯಲ್ಲಿ ಯಾರಿದ್ದಾರೋ ಅವರನ್ನು ಕರೆದು, "ನೋಡಪ್ಪಾ, ಸರಿ ಇದೆಯಾ?" ಎಂದು ಕೇಳುತ್ತೀಯ. ನಾನು ಬಂದರೆ ನನ್ನನ್ನೇ ಕೇಳುತ್ತೀಯ. ನಾನೂ ದೊಡ್ಡ ಮನುಷ್ಯನ ಹಾಗೆ ಕಣ್ಣು ಕಿರಿದು ಮಾಡಿ ನೋಡಿ, ಸರಿ ಇದೆ ಎನ್ನುತ್ತೇನೆ. ಥೂ!

ನೀನು ಕನ್ನಡ ಆಡುತ್ತೀಯೇ ಹೊರತು ಓದಲಾರೆ. ಈ ಕಾಗದವನ್ನು ಅಂಚೆಗೆ ಹಾಕಿ ಮನೆಯಲ್ಲಿ ಅಡಗಿ ಕೂರುವ ಹಾಗಿಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ಬಂದು, ನಿನ್ನ ಎದುರು ನಿಂತು, ನಾನೇ ಓದುತ್ತೇನೆ. ಕೇಳಿದ ಮೇಲೆ ಹೋಗು ಎಂದರೆ ಹೋಗುತ್ತೇನೆ. ಆದರೆ ಇನ್ನು ಮೇಲೆ ಯಾರನ್ನೂ ಕರೆದು ತೋರಿಸಬೇಡ — ನನ್ನನ್ನಂತೂ ಕೇಳಲೇಬೇಡ. ಅವತ್ತು ಕೆ.ಆರ್. ಪುರದ ತಿರುವಿನಲ್ಲಿ ನಿನ್ನ ಕಣ್ಣು ಕಂಡದ್ದೇ ನಿಜ.