ಬುಧವಾರದ ಕೊನೆಯ ಪೀರಿಯಡ್

ಹತ್ತು ದಿನಗಳ ಹಿಂದೆ ನಾನು ಒಂದೇ ಪ್ರಶ್ನೆಗೆ ಎರಡು ಸಲ ಕೈ ಎತ್ತಿದೆ. ಮೊದಲು ಪರವಾಗಿ, ಆಮೇಲೆ ವಿರುದ್ಧವಾಗಿ.

ಮಗಳ ಶಾಲೆಯಲ್ಲಿ ಪಾಲಕರ ಸಭೆ. ಕೋಣೆಯಲ್ಲಿದ್ದ ಪ್ರತಿನಿಧಿಗಳು ಹನ್ನೊಂದು ಜನ. ಪ್ರಿನ್ಸಿಪಾಲ್ ಮೇಡಂ ಕೈ ಎಣಿಸಿದರು. ಪರ ಆರು, ವಿರುದ್ಧ ಆರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಮತ್ತೆ ಅಷ್ಟೇ. ಆಮೇಲೆ ಅವರ ಕಣ್ಣು ನನ್ನ ಮೇಲೆ ನಿಂತಿತು.

"ಸರ್, ಆಪ್ ಕಿಧರ್ ಹೈಂ?"

ನಾನು ಯಾವ ಕಡೆ? ಅದು ನನಗೆ ಗೊತ್ತಿದ್ದರೆ ಎರಡು ಸಲ ಯಾಕೆ ಕೈ ಎತ್ತುತ್ತಿದ್ದೆ?

ಮೊದಲು ವಿಷಯ ಹೇಳುತ್ತೇನೆ. ನಮ್ಮ ಮನೆ ಮುಲುಂಡ್‌ನಲ್ಲಿ. ಮಗಳು ಅನಘಾ ಏಳನೇ ಕ್ಲಾಸು, ಬಿ ಡಿವಿಜನ್. ಮುಂಬಯಿಯ ಎಷ್ಟೋ ಶಾಲೆಗಳ ಹಾಗೆ ಅವಳದ್ದೂ ಎರಡು ಪಾಳಿಯ ಶಾಲೆ. ಬೆಳಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು ಗುಂಪು; ಬೆಂಚು, ಬೋರ್ಡು, ಮೈದಾನ ಎಲ್ಲ ಎರಡೂ ಗುಂಪಿಗೂ ಅವೇ. ಅನಘಾಳದ್ದು ಮಧ್ಯಾಹ್ನದ ಪಾಳಿ, ಹನ್ನೆರಡೂವರೆಯಿಂದ ಆರರವರೆಗೆ. ಆ ಕ್ಲಾಸಿನ ಪಾಲಕರ ಪ್ರತಿನಿಧಿ ನಾನು. (ವರ್ಷದ ಮೊದಲ ಸಭೆಯಲ್ಲಿ ಎಲ್ಲರೂ ಬೇಗ ಬೇಗ ಎದ್ದು ಹೋದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಹಾಗೆ ಆಯ್ಕೆಯಾದೆ.)

ಈಗ ಫುಟ್‌ಬಾಲ್ ವರ್ಲ್ಡ್ ಕಪ್ ಬಂತು. ಬುಧವಾರ ಮಧ್ಯಾಹ್ನ ಮೂರೂವರೆಗೆ ಭಾರೀ ಮ್ಯಾಚು. (ಯಾವ ದೇಶ ಎಂದು ಬರೆಯುವುದಿಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಎರಡೂ ಕಡೆಯವರಿದ್ದಾರೆ, ನಾನು ಅಲ್ಲೇ ಬದುಕಬೇಕು.) ಮಧ್ಯಾಹ್ನದ ಪಾಳಿಯ ಮಕ್ಕಳು ಕ್ಲಾಸುವಾರು ಅರ್ಜಿ ಬರೆದರು: ಅಂದು ಎರಡೂವರೆಗೇ ಶಾಲೆ ಬಿಡಿ. ಏಳನೇ ಬಿ ಅರ್ಜಿ ನನ್ನ ಕೈಗೆ ಬಂತು. ನಲವತ್ತೆರಡು ಹೆಸರು, ಮೂವತ್ತಾರು ಸಹಿ. ಉಳಿದ ಆರು ಮಕ್ಕಳು ಅಂದು ಬಂದಿರಲಿಕ್ಕಿಲ್ಲ ಎಂದುಕೊಂಡು ಅರ್ಜಿಯನ್ನು ಮಡಚಿ ಬ್ಯಾಗಿನಲ್ಲಿಟ್ಟೆ.

ಪ್ರತಿನಿಧಿ ಅಂದಮೇಲೆ ನಾಲ್ಕು ಜನರನ್ನು ಕೇಳಬೇಡವೇ? ಕೇಳಿದೆ. ಕೆಟ್ಟೆ.

ನಮ್ಮ ಮೇಲಿನ ಫ್ಲೋರಿನ ದಿನೇಶ್ ಶೆಟ್ಟರಿಗೆ ಗ್ರಾಂಟ್ ರೋಡ್‌ನಲ್ಲಿ ಹೋಟೆಲು. ಮಗ ಅನಘಾಳ ಕ್ಲಾಸೇ. ಲಿಫ್ಟಿನಲ್ಲಿ ಸಿಕ್ಕಿದರು. "ಎಂತ ಮಾರಾಯ್ರೆ, ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ನಾಲ್ಕು ವರ್ಷಕ್ಕೊಮ್ಮೆ ಬರುದು. ಮಕ್ಕಳು ನೋಡ್ಲಿ. ಗಣಿತ ಎಲ್ಲಿಗೂ ಓಡಿ ಹೋಗುದಿಲ್ಲ."

ಹೌದಲ್ಲ! ಗಣಿತ ನನ್ನನ್ನು ನಲವತ್ತೈದು ವರ್ಷ ಬಿಟ್ಟು ಹೋಗಿಲ್ಲ. ನಾನು ಪರ.

ಮರುದಿನ ಲೋಕಲ್ ಹಿಡಿಯುವ ಅವಸರದಲ್ಲಿ ಸ್ಟೇಷನ್ ಬ್ರಿಜ್ ಮೇಲೆ ಸವಿತಾ ಪಾಟೀಲ ಸಿಕ್ಕರು. ವಿಜಯಪುರದವರು, ಸಯನ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಅವರ ಮಗನೂ ಇದೇ ಕ್ಲಾಸು. ವಿಷಯ ಕೇಳಿ ಅಲ್ಲೇ ನಿಂತುಬಿಟ್ಟರು. "ಅಣ್ಣಾರ, ಎರಡೂವರಿಗೆ ಸಾಲಿ ಬಿಟ್ರ ನನ್ನ ಮಗಾ ಎಲ್ಲಿ ಹೋಗ್ಬೇಕ್ರಿ? ಮನಿ ಕೀಲಿ ನನ್ನ ಪರ್ಸಿನ್ಯಾಗ ಇರ್ತದ. ನಾ ಬರೂದು ಏಳಕ್ಕ. ನಿಮಗ ಮ್ಯಾಚು, ನನಗ ನಾಕೂವರಿ ತಾಸಿನ ಚಿಂತಿ."

ಇದೂ ಹೌದಲ್ಲ! ಶಾಲೆ ಎಂದರೆ ಪಾಠ ಮಾತ್ರವೇ? ತಂದೆತಾಯಿ ಲೋಕಲ್‌ನಲ್ಲಿ ನೇತಾಡುವಾಗ ಮಕ್ಕಳ ತಲೆಯ ಮೇಲೆ ಇರುವ ಸೂರು ಕೂಡ ಅದೇ. ನಾನು ವಿರುದ್ಧ.

ರಾತ್ರಿ ಊಟಕ್ಕೆ ಕೂತಾಗ ಎರಡೂ ವಾದವನ್ನು ಹೆಂಡತಿಯ ಮುಂದಿಟ್ಟೆ. ಧಾರವಾಡದವಳು, ಬ್ಯಾಂಕಿನಲ್ಲಿದ್ದಾಳೆ, ಮಾತು ಕಡಿಮೆ. "ನಿಮಗ ಎಲ್ಲಾರು ಹೇಳೂದೂ ಖರೇ ಅನಸ್ತದ. ಅದ ನಿಮ್ಮ ರೋಗ," ಎಂದು ಸಾರು ಬಡಿಸಿದಳು. ಪಕ್ಕದಲ್ಲಿ ಅನಘಾ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು. ಅವಳನ್ನು ನಾನು ಕೇಳಲಿಲ್ಲ. ಕೇಳುವುದೇನಿದೆ? ಮೂರು ಹೊತ್ತೂ ಮನೆಯೊಳಗೆ ಚೆಂಡು ಒದೆಯುವ ಹುಡುಗಿ. ಕೆಳಗಿನ ಫ್ಲ್ಯಾಟಿನ ಆಂಟಿ ತಿಂಗಳಿಗೆರಡು ಸಲ ಬಂದು ಜಗಳ ಆಡುತ್ತಾರೆ. ಅವಳಿಗೆ ಮ್ಯಾಚ್ ಬೇಡವಾಗುತ್ತದೆಯೇ?

ಇದು ಕೈ ಎರಡು ಸಲ ಎದ್ದ ಕಥೆ. ಸಭೆಯಲ್ಲಿ ಮೇಡಂ ನನಗೆ ಎರಡು ನಿಮಿಷ ಕೊಟ್ಟರು. ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಐದು ಜನ ಪ್ರೀತಿಯಿಂದ, ಐದು ಜನ ಬೇರೆ ರೀತಿ. ಆಗ ತಲೆಗೊಂದು ಉಪಾಯ ಹೊಳೆಯಿತು. ಸವಿತಾ ಅವರ ಮಗನನ್ನು ನಮ್ಮ ಮನೆಗೇ ಕರೆದರಾಯಿತು! ನಾನು ಅರ್ಧ ದಿನ ರಜೆ ಹಾಕಿದರಾಯಿತು! ಕೀಲಿಯ ಚಿಂತೆಯೂ ಹೋಯಿತು, ಮಗಳಿಗೆ ಮ್ಯಾಚೂ ಸಿಕ್ಕಿತು.

"ಪರ," ಎಂದೆ. ಆರಕ್ಕೆ ಐದು. ಇಡೀ ಮಧ್ಯಾಹ್ನದ ಪಾಳಿ ನನ್ನ ಒಂದು ಕೈಯಿಂದ ಎರಡೂವರೆಗೆ ಬಿಟ್ಟಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. (ಬೇರೆ ಯಾರೂ ತಟ್ಟಲಿಲ್ಲ.)

ಆಫೀಸಿನಲ್ಲಿ ರಜೆ ಸಿಕ್ಕಿದ್ದಂತೂ ಹೂವೆತ್ತಿದ ಹಾಗೆ. ಬಾಸ್ ಮಾಮೂಲಾಗಿ ರಜೆ ಎಂದರೆ ಮುಖ ಗಂಟಿಕ್ಕುವ ಮನುಷ್ಯ. "ಮ್ಯಾಚ್ ಹೈ? ಜಾವ್, ಜಾವ್," ಎಂದರು. ಸ್ಕೋರ್ ಮೆಸೇಜ್ ಮಾಡುತ್ತಿರಲು ಹೇಳಿದರು.

ಬುಧವಾರ ಬಂತು. ಸಮೋಸಾ ತಂದಿಟ್ಟೆ. ಟಿವಿ ಹಚ್ಚಿದೆ. ಮಕ್ಕಳಿಬ್ಬರೂ ಬಂದರು. ಸವಿತಾ ಅವರ ಮಗ ಬೂಟು ಬಿಚ್ಚುವ ಮೊದಲೇ ಕೂಗಲು ಶುರು ಮಾಡಿದ. ನಾನೂ ಕೂಗಿದೆ, ಯಾರಿಗಾಗಿ ಎಂದು ನಿರ್ಧರಿಸದೆಯೇ.

ಅನಘಾ ಮಾತ್ರ ಸೋಫಾದ ತುದಿಯಲ್ಲಿ ಕೂತಿದ್ದಳು. ಸ್ಕೂಲ್ ಯೂನಿಫಾರ್ಮು, ಕಾಲಿಗೆ ಮೊಣಕಾಲಿನವರೆಗಿನ ನೀಲಿ ಸಾಕ್ಸು. ಆಟದ ಸಾಕ್ಸು. ಒಂದನ್ನು ಕೆಳಗೆ ಸುರುಳಿ ಸುತ್ತುವುದು, ಮತ್ತೆ ಮೇಲೆ ಎಳೆಯುವುದು. ಗೋಲಾಯಿತು. ಅವಳು ತಲೆ ಎತ್ತಲಿಲ್ಲ.

"ಯಾಕವ್ವಾ, ಮ್ಯಾಚ್ ನೋಡಂಗಿಲ್ಲೇನು?"

"ದೇಖ್ ರಹೀ ಹೂಂ ನಾ, ಪಪ್ಪಾ."

"ಮತ್ತ ಈ ಸಾಕ್ಸ್ ಯಾಕ ಹಾಕ್ಕೊಂಡೀ?"

"ಆಜ್ ವೆಡ್ನೆಸ್‌ಡೇ ಅದ ನಾ. ಲಾಸ್ಟ್ ಪೀರಿಯಡ್ ನಮ್ದು ಇರ್ತದ. ಗರ್ಲ್ಸ್ ಫುಟ್‌ಬಾಲ್. ಇವತ್ತ ಕ್ಯಾನ್ಸಲ್ ಆತು."

"ಯಾಕ ಕ್ಯಾನ್ಸಲ್?"

ಅವಳು ಟಿವಿಯ ಕಡೆ ಗದ್ದ ತೋರಿಸಿದಳು. "ಮ್ಯಾಚ್ ಅದ ಅಂತ."

ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೊರಬಂತು. ಇರುವುದು ಒಂದೇ ಮೈದಾನ. ವಾರದ ಉಳಿದ ದಿನ ಕೊನೆಯ ಪೀರಿಯಡ್ ಹುಡುಗರಿಗೆ. ಬುಧವಾರ ಮಾತ್ರ ಹುಡುಗಿಯರಿಗೆ, ಮೂವತ್ತೈದು ನಿಮಿಷ. ಕಲಿಸುವ ಸರ್ ಕೂಡ ಬುಧವಾರವಷ್ಟೇ ಬರುತ್ತಾರೆ. ಉಳಿದ ದಿನ ಅವರಿಗೆ ಬೇರೆ ಶಾಲೆಗಳು. ಮುಂದಿನ ಬುಧವಾರ ಹುಡುಗಿಯರ ಈ ವರ್ಷದ ಮೊದಲ ಇಂಟರ್‌ಸ್ಕೂಲ್ ಮ್ಯಾಚು. ಇವತ್ತಿನದೇ ಕೊನೆಯ ಪ್ರಾಕ್ಟೀಸ್. ಯಾರನ್ನು ಆಡಿಸುವುದು, ಯಾರನ್ನು ಹೊರಗೆ ಕೂರಿಸುವುದು ಎಂದು ಸರ್ ಇವತ್ತೇ ಆರಿಸುವವರಿದ್ದರು. ಈಗ ಹೋದ ವರ್ಷದ ಲಿಸ್ಟನ್ನೇ ಇಡುತ್ತಾರಂತೆ. ಅದರಲ್ಲಿ ಅನಘಾ ಹೊರಗೆ ಕೂರುವವಳು.

"ಇಷ್ಟೆಲ್ಲಾ ಇತ್ತಂದ್ರ ನನಗ ಮೊದಲ ಯಾಕ ಹೇಳಲಿಲ್ಲವ್ವಾ?"

"ನಾ ಸೈನ್ ಮಾಡಿಲ್ಲ. ಪೇಪರ್ ನಿಮ್ಮ ಹತ್ರನ ಇತ್ತಲ್ಲ, ಪಪ್ಪಾ."

ಎದ್ದು ಹೋಗಿ ಬ್ಯಾಗಿನಿಂದ ಆ ಅರ್ಜಿಯ ಝೆರಾಕ್ಸ್ ತೆಗೆದೆ; ಮೂಲ ಪ್ರತಿ ಸಭೆಯಲ್ಲೇ ಕೊಟ್ಟಿದ್ದೆ. ಸಹಿ ಇಲ್ಲದ ಆರು ಹೆಸರು. ಆರೂ ಹುಡುಗಿಯರದು. ಮೂರನೆಯದು ನನ್ನ ಮಗಳದು. ಸಭೆಗೆ ಮೊದಲು ನಾಲ್ಕು ದಿನ ಈ ಅರ್ಜಿ ಹೊತ್ತು ತಿರುಗಿದವನು ಸಹಿಗಳನ್ನು ಎಣಿಸಿದ್ದೆನೇ ಹೊರತು ಹೆಸರು ಓದಿರಲಿಲ್ಲ. ಮಕ್ಕಳು ನೋಡುವುದು ಕಡಿಮೆ ಮಾಡಿ ಆಡುವುದು ಹೆಚ್ಚು ಮಾಡಬೇಕು ಎಂದು ಇದೇ ಅಂಕಣದಲ್ಲಿ ಉದ್ದುದ್ದ ಬರೆದವನು ನಾನೇ. ನನಗೆ ತುಂಬ ನಾಚಿಕೆಯಾಯಿತು.

ಅಲ್ಲೇ ಕೂತು ಪ್ರಿನ್ಸಿಪಾಲ್ ಮೇಡಂಗೆ ಮೆಸೇಜ್ ಹಾಕಿದೆ. ಹುಡುಗಿಯರಿಗೆ ಈ ವಾರ ಬೇರೆ ಒಂದು ದಿನ ಮೈದಾನ ಕೊಡಲಾಗದೇ? ಉತ್ತರ ಬೇಗನೆ ಬಂತು. ಅದು ಹುಡುಗರ ಪೀರಿಯಡ್ ಅಂತೆ, ಬದಲಿಸಬೇಕಾದರೆ ಪಾಲಕರ ಸಭೆಯ ಮುಂದೆ ಇಡಬೇಕಂತೆ. ಮುಂದಿನ ಸಭೆ ತಿಂಗಳಾದ ಮೇಲೆ.

ಹಾಗಾದರೆ ದೊಡ್ಡ ಮ್ಯಾಚಿಗೆ ಶಾಲೆ ಬೇಗ ಬಿಡಬೇಕೋ ಬೇಡವೋ? ನನ್ನನ್ನು ಕೇಳಬೇಡಿ. ಸವಿತಾ ಅವರ ಮಗ ಆ ದಿನ ಪಟ್ಟ ಖುಷಿ ನೋಡಿದರೆ ಶೆಟ್ಟರು ಹೇಳಿದ್ದೇ ಸರಿ. ಅವನ ತಾಯಿಗೆ ಅಂದು ನನ್ನಂಥವನೊಬ್ಬ ಸಿಗದೇ ಹೋಗಿದ್ದರೆ? ಅವರದ್ದೂ ಸರಿ. ಮಗಳ ಸಾಕ್ಸು ನೋಡಿದರೆ ನಾನೊಬ್ಬನೇ ತಪ್ಪು. ಇಷ್ಟು ಮಾತ್ರ ಗೊಂದಲವಿಲ್ಲದೆ ಹೇಳಬಲ್ಲೆ.

ರಾತ್ರಿ ಮಲಗುವ ಮೊದಲು ಅನಘಾ ಬಾಗಿಲಲ್ಲಿ ನಿಂತು ಕೇಳಿದಳು. "ನೆಕ್ಸ್ಟ್ ವೆಡ್ನೆಸ್‌ಡೇ ಬರ್ತೀರೇನು ಪಪ್ಪಾ? ನಾ ಬಾಹರ್ ಬೈಠೂಂಗೀ, ತೋ ಭೀ?"

ಹೊರಗೆ ಕೂತರೂ ಬರುತ್ತೇನೆ ಎಂದೆ. ಈ ಸಲ ಒಂದೇ ಮಾತಿನಲ್ಲಿ, ಒಂದೇ ಕಡೆ.

ಮರುದಿನ ಬಾಸ್ ಹತ್ತಿರ ಹೋದೆ. ಬುಧವಾರ ಅರ್ಧ ದಿನ ರಜೆ ಬೇಕು, ಮ್ಯಾಚ್ ಇದೆ ಎಂದೆ. ಅವರು ಮೊಬೈಲಿನಲ್ಲಿ ವರ್ಲ್ಡ್ ಕಪ್ ವೇಳಾಪಟ್ಟಿ ತೆಗೆದು ಮೇಲೆ ಕೆಳಗೆ ಸರಿಸಿದರು; ಆ ಹೊತ್ತಿಗೆ ಯಾವ ಮ್ಯಾಚೂ ಕಾಣಲಿಲ್ಲ. "ಉಸ್ ಟೈಮ್ ತೋ ಕುಛ್ ನಹೀಂ ಹೈ. ಕೌನ್ಸೆ ಚಾನೆಲ್ ಪೆ ಆತಾ ಹೈ?" ಯಾವ ಚಾನೆಲ್‌ನಲ್ಲೂ ಬರುವುದಿಲ್ಲ, ಮಗಳ ಮ್ಯಾಚು ಸರ್ ಎಂದೆ. ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ನನ್ನ ರಜೆಯ ಅರ್ಜಿ ಇನ್ನೂ ಅವರ ಮೇಜಿನ ಮೇಲೆಯೇ ಇದೆ.

ಇಡೀ ಶಾಲೆಯನ್ನು ಬೇಗ ಬಿಡಿಸಿದ ಕೈ ಇದು. ನನ್ನೊಬ್ಬನನ್ನು ಬಿಡಿಸಲು ಇನ್ನು ಎಷ್ಟು ಸಲ ಎತ್ತಬೇಕು?